ಮಂಕಾಗದ ಬಲ್ಬು

"ಅಮ್ಮ, ಒಂದ್ಸಲ ಮಿಕ್ಸಿ ಹಾಕ್ತೀರಾ?"

ಕಾಯಿ ತುರಿಯುತ್ತಿದ್ದ ಸಾವಿತ್ರಮ್ಮ ಕೈ ನಿಲ್ಲಿಸಿ ಪ್ರೇಮಕುಮಾರಿಯ ಮುಖ ನೋಡಿದರು. "ಇನ್ನೂ ಒಂದು ಹೋಳೂ ಮುಗಿದಿಲ್ಲ ಕಣಮ್ಮ. ಚಟ್ನಿಗೆ ಅಷ್ಟು ಅವಸರವಾ?"

"ಚಟ್ನಿಗಲ್ಲ. ಇರೋದನ್ನೇ ಹಾಕಿ, ಸುಮ್ಮನೆ ನೋಡ್ಬೇಕಿತ್ತು."

ಈ ಹೆಂಗಸಿಗೆ ಏನೋ ಆಗಿದೆ ಎಂದುಕೊಂಡಿರಬೇಕು ಸಾವಿತ್ರಮ್ಮ. ಆದರೂ ಎದ್ದು ತುರಿಯನ್ನು ಜಾರಿಗೆ ಸುರಿದು ಗುಂಡಿ ತಿರುಗಿಸಿದರು. ಮಿಕ್ಸಿ ಅರಚಿಕೊಂಡಿತು. ಪ್ರೇಮಕುಮಾರಿ ಅದರ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಒಲೆಯ ಮೇಲೆ ತೂಗುತ್ತಿದ್ದ ಬಲ್ಬಿನ ಮೇಲಿತ್ತು. ಹಗಲಲ್ಲೂ ಕತ್ತಲಿರುವ ಆ ಅಡುಗೆಮನೆಯಲ್ಲಿ ಅದು ಬೆಳಗಿನಿಂದ ಉರಿಯುತ್ತಲೇ ಇತ್ತು.

ಬಲ್ಬು ಮಂಕಾಗಲಿಲ್ಲ. ಒಂದು ಸಲ ರೆಪ್ಪೆ ಹೊಡೆದಷ್ಟೂ ಅಳುಕಲಿಲ್ಲ.

"ಸಾಕು ಅಮ್ಮ," ಎಂದಳು ಪ್ರೇಮಕುಮಾರಿ. ಮುಂದಿಟ್ಟಿದ್ದ ಕಾಫಿಯನ್ನು ಮುಟ್ಟದೆ ಹಿತ್ತಲ ಬಾಗಿಲಿನಿಂದ ಹೊರಗೆ ನಡೆದಳು.

ಸಕಲೇಶಪುರದಾಚೆಯ ಅವಳ ತವರಿನಲ್ಲೂ ಇಲ್ಲಿಯ ಹಾಗೇ ಹಳ್ಳದ ನೀರಿಗೆ ಕೂರಿಸಿದ, ಕರೆಂಟು ಹುಟ್ಟಿಸುವ ಪುಟ್ಟ ಟರ್ಬೈನು ಇತ್ತು. ಅಮ್ಮ ಮಿಕ್ಸಿ ಹಾಕಿದರೆ ಸಾಕು, ಜಗಲಿಯಲ್ಲಿ ಪೇಪರು ಓದುತ್ತಿದ್ದ ಅಪ್ಪನ ಬೆಳಕು ಬೀಡಿ ಕಿಡಿಯಷ್ಟಾಗುತ್ತಿತ್ತು. ಅಪ್ಪ ಅಲ್ಲಿಂದ ಕೂಗುವುದು, ಅಮ್ಮ ಇಲ್ಲಿಂದ ಉತ್ತರ ಕೊಡುವುದು ಆ ಮನೆಯ ದಿನದ ಸದ್ದಾಗಿತ್ತು. ಅದೂ ತುಂಬಿ ಹರಿಯುವ ಶ್ರಾವಣದಲ್ಲಿ. ಈಗ ಏಪ್ರಿಲ್. ಕಾಫಿ ಹೂವರಳಿಸುವ ಹೂಮಳೆಯೂ ಸರಿಯಾಗಿ ಬಿದ್ದಿಲ್ಲ.

ಎರಡು ಸಾವಿರದ ಆರರ ಆ ಬೇಸಿಗೆಯಲ್ಲಿ ಮೂಡಿಗೆರೆಯಿಂದ ಕಳಸದವರೆಗೆ ತಿರುವಿಗೊಂದು ಹೋಮ್‌ಸ್ಟೇ ಬೋರ್ಡು ಎದ್ದಿತ್ತು. ಕಾಡಿಗೂ ನೀರಿಗೂ ನೋವಾಗದಂತೆ ನಡೆಯುವ ತಂಗುದಾಣಗಳನ್ನು ಆರಿಸಿ, ಹೊರದೇಶದ ಅತಿಥಿಗಳನ್ನು ಅಲ್ಲಿಗಷ್ಟೇ ಕಳಿಸುತ್ತಿತ್ತು ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆ. ಒಂದೊಂದು ಮನೆಯಲ್ಲೂ ಉಳಿದು, ಹೇಳುವುದು ನಿಜವೇ ಎಂದು ಪರೀಕ್ಷಿಸುವ ಕೆಲಸ ದೀಪಶ್ರೀಯದು. ಆ ಕೆಲಸಕ್ಕಾಗಿ ಈ 'ತೊರೆಮನೆ'ಗೆ ಬಂದವಳು ಮೊನ್ನೆ ಹಳ್ಳದ ಬಂಡೆಗಳ ನಡುವೆ ತಲೆಯೊಡೆದುಕೊಂಡು ಬಿದ್ದಿದ್ದಳು. ಮಂಗಳೂರಿನ ಆಸ್ಪತ್ರೆಯಲ್ಲಿ, ಮುಖದ ತುಂಬ ಬ್ಯಾಂಡೇಜು ಸುತ್ತಿಕೊಂಡು, ಇನ್ನೂ ಎಚ್ಚರವಿಲ್ಲದೆ ಮಲಗಿದ್ದಳು.

ಚಪ್ಪಲಿ ಟರ್ಬೈನಿನ ಹತ್ತಿರ ಸಿಕ್ಕಿದ್ದರಿಂದ ಅಲ್ಲೇ ಕಾಲು ಜಾರಿರಬೇಕು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಸಂಸ್ಥೆಯವರು ಮಾತ್ರ ಒಪ್ಪದೆ ಪ್ರೇಮಕುಮಾರಿಯನ್ನು ಕಳಿಸಿದ್ದರು. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ತಲೆ ನೆರೆಸಿಕೊಂಡವಳು ಅವಳು. ಒಂದು ಕಡೆ ಕೂತರೆ ಅವಳಿಗೆ ಮೈಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಇವತ್ತಂತೂ ಬೆಳಗಿನಿಂದ ಹಾಗೇ.

ಟರ್ಬೈನಿನ ಶೆಡ್ಡು ಮನೆಯ ಹಿಂದಿನ ಇಳಿಜಾರಿನಲ್ಲಿತ್ತು. ಬಾಗಿಲಿನ ಮೇಲೆ ಚಂದದ ಅಕ್ಷರದಲ್ಲಿ ಬರೆಸಿದ್ದರು: 'ಡೀಸೆಲ್ ಇಲ್ಲ. ಪ್ಲಾಸ್ಟಿಕ್ ಇಲ್ಲ. ಕರೆಂಟು ಕಂಬ ಇಲ್ಲ. ತೊರೆಯೇ ನಮ್ಮ ದೀಪ.' ಬೆಳಿಗ್ಗೆ ಮನೆಯ ಯಜಮಾನ ಮಲ್ಲಿಕಾರ್ಜುನ ಅದನ್ನು ಓದಿ ಹೇಳುವಾಗ ಅವನ ಎದೆ ಉಬ್ಬಿತ್ತು.

ಒಳಗೆ ಚಕ್ರ ತಿರುಗುತ್ತಿತ್ತೇನೋ ನಿಜ. ಗಾಣದ ಮುದಿ ಎತ್ತಿನ ಹಾಗೆ ತಿರುಗುತ್ತಿತ್ತು. ಪೈಪಿನಿಂದ ಬೀಳುತ್ತಿದ್ದ ನೀರು ಒಂದು ಕೊಡ ತುಂಬಿಸಲೂ ಹೆಣಗುವಂತಿತ್ತು. ಈ ಚಕ್ರದಿಂದ ಒಂದು ಬಲ್ಬು ಉರಿದರೇ ಹೆಚ್ಚು. ಆದರೆ ಮನೆಯಲ್ಲಿ ಫ್ರಿಜ್ಜು ಗುಂಯ್‌ಗುಟ್ಟುತ್ತಿದೆ. ಅತಿಥಿಗಳ ಕೋಣೆಯಲ್ಲಿ ಫ್ಯಾನು ತಿರುಗುತ್ತಿದೆ.

ಹಾಗಾದರೆ ಕರೆಂಟು ಎಲ್ಲಿಂದ?

ಅವಳು ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿದಳು. ಮತ್ತೊಂದು ಸುತ್ತು ಹಾಕಿದಳು. ಹಿಂಬದಿಯಲ್ಲಿ, ಕಾಫಿ ಗಿಡಗಳ ಸಾಲಿನ ಬುಡದಲ್ಲಿ, ಒಣಗಿದ ತರಗೆಲೆ ಒಂದು ಉದ್ದನೆಯ ಪಟ್ಟಿಯಲ್ಲಿ ಮಾತ್ರ ಕದಲಿದ ಹಾಗಿತ್ತು. ಕಾಲಿನಿಂದ ಸರಿಸಿದಳು. ಅಗೆದು ಮುಚ್ಚಿದ ಮಣ್ಣು. ಕಡ್ಡಿಯಿಂದ ಕೆದಕಿದಾಗ ಕಪ್ಪು ಕೇಬಲ್ಲು ಹಾವಿನ ಬೆನ್ನಿನಂತೆ ಹೊಳೆಯಿತು.

ಕೇಬಲ್ಲು ಹೋದ ದಾರಿ ಹಿಡಿದು ಅವಳು ತೋಟ ಹತ್ತಿದಳು. ಗಾಳಿಯೇ ಇರಲಿಲ್ಲ. ಆಚೆ ಗುಡ್ಡದಲ್ಲೆಲ್ಲೋ ಹುಲ್ಲಿಗೆ ಬೆಂಕಿ ಬಿದ್ದ ಹೊಗೆ ಮರದ ತುದಿಗಳಲ್ಲಿ ನಿಂತುಬಿಟ್ಟಿತ್ತು. ಜೀರುಂಡೆಗಳ ಸದ್ದು ಕಿವಿಯೊಳಗೇ ಹುಟ್ಟಿದಂತಿತ್ತು. ದಿಬ್ಬ ದಾಟಿದಾಗ ಎದುರಿಗೆ ಹೆಂಗಸೊಬ್ಬಳು ತಲೆಯ ಮೇಲೆ ಕೊಡ ಹೊತ್ತು ಬಂದಳು. ಪ್ರೇಮಕುಮಾರಿಯನ್ನು ಕಂಡದ್ದೇ ಪಕ್ಕದ ಸಾಲಿಗೆ ತಿರುಗಲು ನೋಡಿದಳು.

"ಕೃಷ್ಣಮ್ಮ ಅಲ್ವಾ? ಅವತ್ತು ಬಿದ್ದವರನ್ನ ಮೊದಲು ನೋಡಿದವರು ನೀವೇ ಅಂತೆ."

ಕೃಷ್ಣಮ್ಮ ನಿಂತಳು. ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಇರುವವಳು. ಬಿಸಿಲಿಗೆ ಬಾಡಿದ ಮುಖದಲ್ಲಿ ಕಣ್ಣುಗಳು ಮಾತ್ರ ಅತ್ತಿತ್ತ ಓಡುತ್ತಿದ್ದವು. "ಹೌದಮ್ಮ. ಎಲ್ಲ ಸಾವ್ಕಾರ್ರು ಹೇಳಿದಾರಲ್ಲ. ಅಷ್ಟೇ."

"ಅವರು ಹೇಳಿದ್ದು ಕೇಳಿದೀನಿ. ನೀವು ನೋಡಿದ್ದು ಕೇಳಿಲ್ಲ."

"ನಾನೆಂತ ನೋಡ್ಲಿ."

"ಒಂದು ಗುಟುಕು ನೀರು ಕೊಡ್ತೀರಾ? ಗಂಟಲು ಒಣಗಿ ಹೋಗಿದೆ."

ಇಲ್ಲ ಎನ್ನಲು ಕೃಷ್ಣಮ್ಮನಿಗೆ ಬಾಯಿ ಬರಲಿಲ್ಲ. ಕೊಡ ಇಳಿಸಿದಳು, ಆದರೆ ಬಗ್ಗಿಸಲಿಲ್ಲ. "ಬೇಡಮ್ಮ. ಈ ನೀರು ಬೇಡ," ಎಂದಳು ಸಣ್ಣ ದನಿಯಲ್ಲಿ.

ಪ್ರೇಮಕುಮಾರಿ ಬಗ್ಗಿ ಮೂಸಿದಳು. ಜೀಪಿನ ಬಾನೆಟ್ಟು ತೆಗೆದಾಗ ಬರುವ ವಾಸನೆ. ನೀರಿನ ಮೇಲೆ ನವಿಲುಬಣ್ಣದ ತೆಳುವಾದ ಪದರ.

"ಇದನ್ನೇ ಕುಡೀತೀರಾ?"

"ಮೇಲಿನ ಒರತೆ ಬತ್ತಿದೆಯಲ್ಲ. ಪಾತ್ರೆ ತೊಳೆಯೋಕೆ ಆಗ್ತದೆ. ಕುಡಿಯೋಕೆ ಆಚೆ ಗುಡ್ಡದ ತಂಕ ಹೋಗ್ಬೇಕು. ಮಕ್ಕಳ ಮೈಯೆಲ್ಲ ಕಜ್ಜಿ." ಮಾತು ಒಮ್ಮೆ ಹೊರಬಿದ್ದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ನಾನು ಹೇಳಿದೆ ಅನ್ಬೇಡಿ ಅಮ್ಮಾರೆ. ಲೈನ್ ಮನೆ ಬಿಡಿಸಿದ್ರೆ ಮಳೆಗಾಲ ಎದುರಿಗಿಟ್ಕೊಂಡು ಎಲ್ಲಿಗೆ ಹೋಗೋದು?"

"ಅನ್ನಲ್ಲ. ಅವರು ಬಿದ್ದಿದ್ದು ಎಲ್ಲಿ? ಟರ್ಬೈನ್ ಹತ್ರ ಅಲ್ಲ, ಅಲ್ವಾ?"

ಕೃಷ್ಣಮ್ಮ ಗದ್ದ ಎತ್ತಿ ತೋರಿಸಿದಳು. ಕೆಳಗೆ, ಹಳ್ಳದ ಇನ್ನೊಂದು ತಿರುವಿನಲ್ಲಿ, ಹಂಚು ಕಪ್ಪಾದ ಹಳೆಯ ಪಲ್ಪರ್ ಮನೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯಲು ಹಿಂದೆ ಬಳಸುತ್ತಿದ್ದದ್ದು. "ಅದರ ಕೆಳಗಿನ ಬಂಡೇಲಿ. ಚಪ್ಪಲಿ ಮೇಲೆ ಜೋಡಿಸಿಟ್ಟಿತ್ತು. ಪಕ್ಕದಲ್ಲಿ ಫ್ಲಾಸ್ಕು. ಎರಡು ಲೋಟ."

"ಎರಡಾ?"

"ಎರಡೂ ಎಂಜಲು ಲೋಟ ಅಮ್ಮ. ಒಂದರಲ್ಲಿ ಇನ್ನೂ ಕಾಫಿ ಇತ್ತು."

ಅಷ್ಟು ಹೇಳಿ ಕೃಷ್ಣಮ್ಮ ಕೊಡ ಎತ್ತಿಕೊಂಡು ಹೊರಟೇಹೋದಳು.

ಅಟ್ಟಿಸಿಕೊಂಡು ಬಂದವರಿಂದ ಓಡುವವರು ಚಪ್ಪಲಿ ಜೋಡಿಸಿಡುವುದಿಲ್ಲ. ದೀಪಶ್ರೀ ಯಾರ ಜೊತೆಗೋ ಕೂತು ಕಾಫಿ ಕುಡಿದಿದ್ದಾಳೆ. ಆಮೇಲೆ ಬಿದ್ದಿದ್ದಾಳೆ. ಹೆಜ್ಜೆ ತಾನಾಗಿಯೇ ಜೋರಾಯಿತು. ಪ್ರೇಮಕುಮಾರಿ ಇಳಿಜಾರನ್ನು ಅರ್ಧ ಜಾರಿ ಅರ್ಧ ಓಡಿ ಮುಗಿಸಿದಳು.

ಪಲ್ಪರ್ ಮನೆಯ ಬಾಗಿಲಿಗೆ ಚಿಲಕ ಮಾತ್ರ ಇತ್ತು. ತೆಗೆದಾಗ ಬಿಸಿಗಾಳಿ ಮುಖಕ್ಕೆ ರಾಚಿತು. ಗೋಡೆಯುದ್ದಕ್ಕೂ ಕಾಫಿ ಹೊಟ್ಟಿನ ಮೂಟೆಗಳನ್ನು ಸೂರಿನವರೆಗೆ ಒಟ್ಟಿದ್ದರು. ಸದ್ದು ಆಚೆ ಹೋಗದ ಹಾಗೆ. ನಡುವೆ ಹಸಿರು ಬಣ್ಣದ ಜನರೇಟರು ಹೊಟ್ಟೆ ತುಂಬಿದ ಪ್ರಾಣಿಯಂತೆ ಗುರುಗುಡುತ್ತಿತ್ತು. ಅದರ ಬುಡದಿಂದ ಡೀಸೆಲ್ಲು ಸೋರಿ, ಹಳೆಯ ಮೋರಿ ಹಿಡಿದು, ಗೋಡೆಯ ತೂತಿನಲ್ಲಿ ಹಳ್ಳಕ್ಕೆ ಇಳಿಯುತ್ತಿತ್ತು.

"ಮೇಡಂ, ಇಲ್ಲಿ ಎಂತ ಮಾಡ್ತಿದೀರಿ?"

ಬಾಗಿಲಲ್ಲಿ ಮಲ್ಲಿಕಾರ್ಜುನ. ಓಡಿಬಂದು ಏದುಸಿರು ಬಿಡುತ್ತಿದ್ದ. ಬೆಳಗಿನ ಆತಿಥ್ಯದ ನಗು ಮುಖದಲ್ಲಿರಲಿಲ್ಲ.

"ನಿಮ್ಮ ತೊರೆಯ ದೀಪ ನೋಡ್ತಿದೀನಿ."

ಅವನು ಅವಳತ್ತಲೇ ನುಗ್ಗಿ ಬಂದ. ಅವಳ ಬೆನ್ನು ಮೂಟೆಗಳಿಗೆ ತಾಗಿತು. ಒಂದು ಕ್ಷಣ ಅವಳಿಗೆ ಹೊರಗಿನ ಬಂಡೆಗಳು ನೆನಪಾದವು, ಕೂಗಿದರೆ ಈ ಹೊಟ್ಟಿನ ಗೋಡೆ ಅದನ್ನೂ ನುಂಗುತ್ತದೆ ಎನ್ನುವುದು ನೆನಪಾಯಿತು. ಮಲ್ಲಿಕಾರ್ಜುನನ ಕೈ ಅವಳ ಭುಜದ ಪಕ್ಕದಿಂದಲೇ ಚಾಚಿತು.

ಅವನು ಜನರೇಟರು ಆರಿಸಿದ.

ಸದ್ದು ನಿಂತದ್ದೇ ಹಳ್ಳದ ನೀರಿನ ಸಣ್ಣ ದನಿ ಕೇಳತೊಡಗಿತು.

"ಮಳೆಗಾಲದಲ್ಲಿ ಬಂದಿದ್ರೆ ಎಲ್ಲ ನಿಜಾನೇ ಆಗಿರ್ತಿತ್ತು ಮೇಡಂ," ಎಂದ. ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತ. "ಆ ಟರ್ಬೈನು ನಾನೇ ಕೂರಿಸಿದ್ದು. ಜೂನಿನಿಂದ ಡಿಸೆಂಬರ್ ತಂಕ ಇಡೀ ಮನೆ ಅದರಲ್ಲೇ ನಡೀತದೆ. ಸುಳ್ಳಲ್ಲ. ಆದ್ರೆ ಅತಿಥಿಗಳು ಬರೋದು ಬೇಸಿಗೆಗೆ. ನೀರು ಇಲ್ಲದಾಗ."

"ಅದಕ್ಕೆ ಒಂದು ಲಾಂದ್ರ ಕೊಟ್ಟು, ನೀರಿಲ್ಲ ಅಂತ ಹೇಳಬಹುದಿತ್ತು."

"ಹೇಳಿದ್ರೆ ಆರಿಸ್ತಿದ್ರಾ? ಪಕ್ಕದ ಎಸ್ಟೇಟಿನವರು ಸ್ವಿಮ್ಮಿಂಗ್ ಪೂಲ್ ಕಟ್ಟಿ ಅದಕ್ಕೂ ಹಸಿರು ಬೋರ್ಡು ಹಾಕ್ಕೊಂಡಿದಾರೆ!"

"ನಿಮ್ಮ ಲೈನ್ ಮನೆಯ ಮಕ್ಕಳು ಕಜ್ಜಿ ಕೆರ್ಕೊಳ್ತಿದಾರೆ ಮಲ್ಲಿಕಾರ್ಜುನ್ ಅವ್ರೇ. ಆ ಬೋರ್ಡಿಗೆ ಅದನ್ನೂ ಸೇರಿಸಿ."

ಅವನು ತಲೆ ತಗ್ಗಿಸಿದ. ಆ ಏಟು ತಾಗಿತ್ತು. ಪ್ರೇಮಕುಮಾರಿ ಬಿಡಲಿಲ್ಲ.

"ದೀಪಶ್ರೀ ಬಿದ್ದಿದ್ದು ಇಲ್ಲಿ. ಟರ್ಬೈನ್ ಹತ್ರ ಅಂದ್ರಿ. ಚಪ್ಪಲಿ ಅಲ್ಲಿತ್ತು ಅಂತ ಎಲ್ಲರಿಗೂ ತೋರಿಸಿದ್ರಿ. ಅದಕ್ಕೆ ಕಾಲು ಬಂದಿತ್ತಾ?"

"ನಾನೇ ತಗೊಂಡು ಹೋಗಿ ಇಟ್ಟೆ." ದನಿ ಸತ್ತಿತ್ತು. "ಅವರನ್ನ ನಮ್ಮ ಜೀಪಲ್ಲಿ ಮಂಗಳೂರಿಗೆ ಕಳಿಸಿದ ಮೇಲೆ. ಇಲ್ಲಿ ಬಿದ್ರು ಅಂದ್ರೆ ಎಲ್ಲರೂ ಇಲ್ಲಿಗೇ ಬರ್ತಿದ್ರು, ಇದನ್ನ ನೋಡ್ತಿದ್ರು. ಆದ್ರೆ ನಾನು ತಳ್ಳಿಲ್ಲ ಮೇಡಂ. ದೇವರಾಣೆ ತಳ್ಳಿಲ್ಲ."

"ಅವರು ಜನರೇಟರ್ ಕಂಡುಹಿಡಿದ್ರು. ಪಟ್ಟಿಯಿಂದ ನಿಮ್ಮ ಮನೆ ಹೆಸರು ಹೊಡೆದು ಹಾಕ್ತೀನಿ ಅಂದ್ರು. ಆಗ?"

ಮಲ್ಲಿಕಾರ್ಜುನ ಮುಖವೆತ್ತಿದ. ಅವನ ಕಣ್ಣಲ್ಲಿ ಭಯಕ್ಕಿಂತ ಗೊಂದಲವೇ ಹೆಚ್ಚಿತ್ತು. "ಕಂಡುಹಿಡೀಲಿಲ್ಲ. ನಾನೇ ಹೇಳಿದ್ದು. ಬಂದ ದಿನಾನೇ, ಊಟ ಆದ ಮೇಲೆ. ಸುಳ್ಳು ಹೇಳಿ ಹೇಳಿ ನನಗೇ ಸಾಕಾಗಿತ್ತು. ಎಷ್ಟು ಬಯ್ತಾರೋ ಬಯ್ಲಿ ಅಂತ."

"ಬೈದ್ರಾ?"

"ನಕ್ಕುಬಿಟ್ರು. 'ಅಯ್ಯೋ, ಇಷ್ಟೇನಾ, ಬಿಡಿ, ಪಾಸು ಮಾಡ್ತೀನಿ' ಅಂದ್ರು."

ಪ್ರೇಮಕುಮಾರಿಗೆ ಸಂಸ್ಥೆಯ ಯಜಮಾನರು ದೀಪಶ್ರೀಯ ಬಗ್ಗೆ ಹೇಳಿದ್ದೇ ಬೇರೆ. ಹೊರನಾಡಿನ ಹತ್ತಿರ ಒಂದು ಮನೆಯವರು ಊಟಕ್ಕೆ ಪ್ಲಾಸ್ಟಿಕ್ ಚಮಚ ಕೊಟ್ಟರೆಂದು ಅರ್ಧಕ್ಕೇ ಎದ್ದುಬಂದವಳಂತೆ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಮೋರಿಯ ಕಲ್ಲು ಎತ್ತಿಸಿ ನೋಡುವವಳಂತೆ. ಅಂಥವಳು ಡೀಸೆಲ್ ಎಂದು ಕೇಳಿ ನಗುವುದೇ?

"ನೀರು, ಕಸ, ಸೌದೆ, ಏನಾದ್ರೂ ವಿಚಾರಿಸಿದ್ರಾ?"

"ಒಂದು ಮಾತೂ ಇಲ್ಲ. ಮಲಗೋರು, ಏಳೋರು, ಹಳ್ಳದ ದಂಡೇಲಿ ಓಡಾಡೋರು. ರಜಾಕ್ಕೆ ಬಂದ ಹಾಗೆ."

ಹೊರಗೆ ತರಗೆಲೆ ಸದ್ದಾಯಿತು. ಸಾವಿತ್ರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮೇಲುಸಿರು ಬಿಡುತ್ತ ಇಳಿದು ಬರುತ್ತಿದ್ದರು. ಅವರ ಹಿಂದೆ ಶಿವಯ್ಯ. ಕೊಟ್ಟಿಗೆಹಾರದಿಂದ ಪ್ರೇಮಕುಮಾರಿಯನ್ನು ಕರೆತಂದ ಬಾಡಿಗೆ ಜೀಪಿನವನು.

"ಕರೆಂಟು ಹೋದಾಗಲೇ ಅಂದ್ಕೊಂಡೆ," ಎಂದರು ಸಾವಿತ್ರಮ್ಮ ಮಗನನ್ನು ನೋಡಿ. "ಹೇಳಿದ್ಯಾ ಎಲ್ಲಾನೂ?"

"ಹೇಳಿದೆ ಅಮ್ಮ."

"ಒಳ್ಳೇದಾಯ್ತು. ಈ ಸುಳ್ಳಿನ ಬೆಳಕಲ್ಲಿ ಅಡುಗೆ ಮಾಡಿ ಮಾಡಿ ನನ್ನ ಕೈಗೇ ಅಸಹ್ಯ ಬಂದಿತ್ತು."

"ಅಮ್ಮ, ಅವತ್ತು ಫ್ಲಾಸ್ಕಲ್ಲಿ ಕಾಫಿ ಕೊಟ್ಟಿದ್ದು ನೀವಾ?" ಎಂದು ಕೇಳಿದಳು ಪ್ರೇಮಕುಮಾರಿ.

"ನಾನೇ. ಎರಡು ಲೋಟ ಕೇಳಿದ್ಲು ಹುಡುಗಿ. ಒಬ್ಬಳಿಗೆ ಎರಡು ಯಾಕೆ ತಾಯಿ ಅಂದೆ. 'ಜೊತೆಗೊಬ್ರು ಬರ್ತಾರೆ' ಅಂದ್ಲು. ತೋಟದವರು ಯಾರೋ ಅಂದ್ಕೊಂಡೆ."

ಪ್ರೇಮಕುಮಾರಿ ಮಲ್ಲಿಕಾರ್ಜುನನತ್ತ ನೋಡಿದಳು. ಅವನು ತಲೆಯಾಡಿಸಿದ. "ನಾನಲ್ಲ ಮೇಡಂ. ನಾನು ಅವತ್ತು ಆ ಹೊತ್ತಲ್ಲಿ ಮೇಲಿನ ತೋಟದಲ್ಲಿದ್ದೆ. ಕೃಷ್ಣಮ್ಮ ಕೂಗಿದ ಮೇಲೇ ಬಂದಿದ್ದು."

"ಅದು ಇರ್ಲಿ ಅಮ್ಮಾರೆ," ಎಂದ ಶಿವಯ್ಯ, "ಆಗಿನಿಂದ ಮನೇಲಿ ಫೋನು ಹೊಡ್ಕೊಳ್ತಾನೇ ಇದೆ. ಮಂಗಳೂರಿಂದ. ನಿಮ್ಮನ್ನೇ ಕೇಳ್ತಿದಾರೆ. ಲೈನಲ್ಲೇ ಇರ್ತೀನಿ ಅಂದ್ರು."

ನಾಲ್ವರೂ ಒಬ್ಬರ ಹಿಂದೊಬ್ಬರು ತೋಟ ಹತ್ತಿದರು. ಮೊಬೈಲಿಗೆ ಸಿಗ್ನಲ್ಲು ಸಿಗದ ಆ ಮನೆಯಲ್ಲಿ ಲ್ಯಾಂಡ್‌ಲೈನಿನ ರಿಸೀವರು ಮೇಜಿನ ಮೇಲೆ ಅಡ್ಡ ಮಲಗಿತ್ತು. ಪ್ರೇಮಕುಮಾರಿ ಅದನ್ನು ಕಿವಿಗೆ ಹಿಡಿದಾಗ ಮೊದಲು ಕೇಳಿಸಿದ್ದು ಉಸಿರು.

"ನಾನು ರಂಜಿತಾ. ದೀಪಶ್ರೀ ಅಕ್ಕ. ಪುಣೆಯಿಂದ ಈಗಷ್ಟೇ ಬಂದೆ."

"ಹೇಳಿ. ತಂಗಿ ಹೇಗಿದಾರೆ? ಎಚ್ಚರ ಬಂತಾ?"

"ಮೇಡಂ... ನರ್ಸು ಬ್ಯಾಂಡೇಜ್ ಬದಲಾಯಿಸ್ತಿದ್ರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಇವಳು ನನ್ನ ತಂಗಿ ಅಲ್ಲ."

"ಏನಂದ್ರಿ?"

"ಇವಳು ಯಾರೋ ನನಗೆ ಗೊತ್ತಿಲ್ಲ. ಬ್ಯಾಗು ದೀಪೂದು. ಅದರಲ್ಲಿರೋ ಆಫೀಸ್ ಕಾರ್ಡು ದೀಪೂದು. ಕಾರ್ಡ್ ನೋಡಿ ಆಸ್ಪತ್ರೆಯವರು ಹೆಸರು ಬರ್ಕೊಂಡಿದಾರೆ. ಆದ್ರೆ ಇವಳು ಅವಳಲ್ಲ. ನನ್ನ ತಂಗಿ ಎಲ್ಲಿ ಮೇಡಂ?"

ಪ್ರೇಮಕುಮಾರಿ ಏನೋ ಸಮಾಧಾನ ಹೇಳಿದಳು. ಏನು ಹೇಳಿದಳೆಂದು ಅವಳಿಗೇ ತಿಳಿಯಲಿಲ್ಲ. ರಿಸೀವರು ಇಟ್ಟು ತಿರುಗಿದಾಗ ಮೂರು ಮುಖಗಳು ಅವಳನ್ನೇ ನೋಡುತ್ತಿದ್ದವು. ಅವಳು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು.

ಸಾವಿತ್ರಮ್ಮ ಬಾಯಿಗೆ ಸೆರಗು ಹಿಡಿದರು.

"ಇಲ್ಲಿಗೆ ಬಂದಾಗ ಆಕೆ ತನ್ನ ಹೆಸರು ದೀಪಶ್ರೀ ಅಂತಲೇ ಹೇಳಿದ್ಲಾ?" ಎಂದಳು ಪ್ರೇಮಕುಮಾರಿ.

"ಅದೇ ಹೆಸರು. ಕಾರ್ಡೂ ತೋರಿಸಿದ್ರು," ಎಂದ ಮಲ್ಲಿಕಾರ್ಜುನ. "ಕಾರ್ಡಲ್ಲಿರೋ ಅಷ್ಟು ಚಿಕ್ಕ ಫೋಟೋ ಯಾರು ನೋಡ್ತಾರೆ ಮೇಡಂ?"

ಡೀಸೆಲ್ ಎಂದರೆ ನಕ್ಕದ್ದು, ನೀರಿನ ಬಗ್ಗೆ ಒಂದೂ ಪ್ರಶ್ನೆ ಕೇಳದಿದ್ದದ್ದು ಈಗ ಅರ್ಥವಾಗುತ್ತಿತ್ತು. ಇಲ್ಲಿಗೆ ಬಂದವಳಿಗೆ ಆ ಕೆಲಸವೇ ಗೊತ್ತಿರಲಿಲ್ಲ. ಪ್ರೇಮಕುಮಾರಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಳು. ಬ್ಯಾಗು ಕದ್ದಳೇ? ಕಿತ್ತುಕೊಂಡಳೇ? ಕಿತ್ತುಕೊಂಡಿದ್ದರೆ ದೀಪಶ್ರೀ ಇಷ್ಟು ದಿನ ಎಲ್ಲೂ ಬಾಯಿ ಬಿಡದಿರುವುದು ಹೇಗೆ? ಬದುಕಿದ್ದಾಳೆಯೇ?

"ಅಮ್ಮಾರೆ," ಎಂದ ಶಿವಯ್ಯ. ಬಾಗಿಲಲ್ಲಿ ನಿಂತಿದ್ದವನು ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ. "ಆ ಹುಡುಗೀನ ಇಲ್ಲಿಗೆ ಕರ್ಕೊಂಡು ಬಂದಿದ್ದು ನಾನೇ. ಕೊಟ್ಟಿಗೆಹಾರದಲ್ಲಿ ಹತ್ತಿಸ್ಕೊಂಡೆ. ಆದ್ರೆ ಹತ್ತಿದ್ದು ಒಬ್ಬರಲ್ಲ. ಇಬ್ರು."

"ಇಬ್ರಾ? ಯಾಕೆ ಹೇಳಲಿಲ್ಲ ಇಷ್ಟು ಹೊತ್ತು?"

"ನೀವು ಕೇಳಿದ್ದು ಬಿದ್ದವರ ವಿಷಯ. ಇನ್ನೊಬ್ರು ಇಲ್ಲಿಗೆ ಬಂದೇ ಇಲ್ವಲ್ಲ ಅಂತ ಸುಮ್ಮನಿದ್ದೆ. ದಾರೀಲಿ ಇಬ್ರೂ ಕಿಸಿಕಿಸಿ ನಗ್ತಾ, ಗುಟ್ಟು ಮಾತಾಡ್ತಾ ಬಂದ್ರು. ಆ ಇನ್ನೊಬ್ರು ಮಧ್ಯ ಇಳಿದ್ರು. ಇಳಿಯುವಾಗ ತಮ್ಮ ಬ್ಯಾಗನ್ನ ಇವರ ಕೈಗೆ ಕೊಟ್ಟು, 'ಈಗಿಂದ ನೀನೇ ನಾನು' ಅಂದ್ರು. ತಮಾಷೆ ಅಂದ್ಕೊಂಡೆ."

ಕದ್ದದ್ದಲ್ಲ. ಕಿತ್ತುಕೊಂಡದ್ದೂ ಅಲ್ಲ. ದೀಪಶ್ರೀ ತಾನೇ ತನ್ನ ಹೆಸರನ್ನು ಇನ್ನೊಬ್ಬಳಿಗೆ ಕೊಟ್ಟು, ಬೇರೆಲ್ಲಿಗೋ ಹೋಗಿದ್ದಳು.

"ಇಳಿದಿದ್ದು ಎಲ್ಲಿ ಶಿವಯ್ಯ?"

"ಇಲ್ಲಿಂದ ಎರಡು ತಿರುವು ಕೆಳಗೆ ಅಮ್ಮಾರೆ. ಕೆಂಪು ಗೇಟಿನ ಹಳೇ ಬಂಗಲೆ ಇದೆಯಲ್ಲ, ಅಲ್ಲಿ. ಹಾರನ್ ಹೊಡೀಲಾ ಅಂದೆ, ಬೇಡ ಅಂದ್ರು. ಒಳಗಿನಿಂದ ಯಾರೋ ಬಂದು ಗೇಟು ತೆಗೆದ್ರು."

"ಸುಳ್ಳು ಹೇಳ್ಬೇಡವೋ ಮಾರಾಯ," ಎಂದರು ಸಾವಿತ್ರಮ್ಮ ಥಟ್ಟನೆ. "ಅದು ನನ್ನ ಮೈದುನನ ಬಂಗಲೆ. ಅವರು ತೀರ್ಕೊಂಡ ಮೇಲೆ ಅಲ್ಲಿ ನರಪಿಳ್ಳೆ ಇಲ್ಲ. ಬೀಗ ಹಾಕಿದೀವಿ."

"ನನ್ನ ಮಕ್ಕಳಾಣೆ ಅಮ್ಮ. ಕಣ್ಣಾರೆ ನೋಡಿದೀನಿ."

"ಬೀಗ ತೆಗೆಯೋಕೆ ಕೀ ಬೇಡವೇನೋ? ಕೀ ಇರೋದು ಒಂದೇ. ಅದು ಇರೋದು..."

ಸಾವಿತ್ರಮ್ಮ ನಿಧಾನವಾಗಿ ಮಗನ ಕಡೆ ತಿರುಗಿದರು.

ಅವನು ನಿಂತಿದ್ದ ಜಾಗ ಖಾಲಿಯಾಗಿತ್ತು, ಹಿತ್ತಲ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಜೀಪೊಂದು ಸ್ಟಾರ್ಟ್ ಆದ ಸದ್ದು ಕೇಳಿತು.